ಮೆಟ್ರೋ ಪಕ್ಕ ಹೊಸ ಮನೆಗಳಿಗೆ ಜಾಗ ಎಲ್ಲಿದೆ?

ಪ್ರಶ್ನೆ: 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಮೆಟ್ರೋದ ಹಳದಿ ಮಾರ್ಗ ಶುರುವಾಯಿತು. ತುಂಬಾ ಖುಷಿಯಾಯಿತು, ಆದರೆ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಬಾಡಿಗೆ ಮನೆ ನಮ್ಮ ಕೈಗೆಟುಕುತ್ತಿಲ್ಲ. ಬೆಂಗಳೂರಲ್ಲಿ ಇನ್ನೂ ಮನೆ ಕಟ್ಟಬಹುದಾದ ಜಾಗ ಎಲ್ಲಿದೆ?

ಉತ್ತರ 1: ಪೀಣ್ಯ ನೋಡಿ. ಹಸಿರು ಮಾರ್ಗದ ರೈಲಿಂದಲೇ ಕಾಣುತ್ತೆ, ಹಳೇ ಶೆಡ್‌ಗಳು, ತುಕ್ಕು ಹಿಡಿದ ಶೀಟು. ಮುಚ್ಚಿದ ಕಾರ್ಖಾನೆಗಳ ಜಾಗ ಮನೆಗೆ ಬಳಸಬಹುದು ಅಲ್ವಾ?

ಉತ್ತರ 2: ಬಳಸಬಹುದು, ಆದರೆ ಕಾರ್ಖಾನೆಯ ರಾಸಾಯನಿಕ ಮಣ್ಣಲ್ಲಿ ಉಳಿದಿರಬಹುದು, ಮೊದಲು ಮಣ್ಣು ಪರೀಕ್ಷೆ ಆಗಲೇಬೇಕು. ವಿಜಯನಗರದಲ್ಲಿ ಮೆಟ್ರೋ ಹತ್ತಿರವೇ ಬಿಎಂಟಿಸಿ ಬಸ್ ನಿಲ್ದಾಣಕ್ಕೆ ದೊಡ್ಡ ಕಟ್ಟಡ ಕಟ್ಟಿದ್ದಾರೆ. ಇಂಥ ಕಡೆ ಕೆಳಗೆ ಬಸ್ಸು, ಮೇಲೆ ಸಣ್ಣ ಬಾಡಿಗೆ ಮನೆಗಳು ಯಾಕಾಗಬಾರದು?

ಪ್ರಶ್ನೆ ಕೇಳಿದವರು: ಇದು ಹೊಳೆದೇ ಇರಲಿಲ್ಲ. ಒಂದು ಬೆಡ್‌ರೂಮಿದ್ದರೂ ಸಾಕು, ನಾಳೆಯೇ ಅರ್ಜಿ ಹಾಕುತ್ತೇನೆ.