ಕ್ರೀಟ್ ಪ್ರವಾಸದ ಕಾರಿನ ಬಗ್ಗೆ ಪುಟ್ಟಿಗೆ ಉತ್ತರ

ಪುಟ್ಟಿ, ಮುಂದಿನ ತಿಂಗಳು ನೀವಿಬ್ಬರೂ ಗ್ರೀಸಿನ ಕ್ರೀಟ್ ದ್ವೀಪವನ್ನು ಕಾರಿನಲ್ಲಿ ಸುತ್ತಲು ಹೊರಟಿರುವುದಾಗಿಯೂ, ಬಾಲೋಸ್ ಕಡಲತೀರದ ಮಣ್ಣುರಸ್ತೆಯಲ್ಲಿ ಬಾಡಿಗೆಯ ಸಣ್ಣ ಕಾರು ಹೋದೀತೇ ಎಂಬ ಚಿಂತೆ ಹತ್ತಿರುವುದಾಗಿಯೂ ಬರೆದಿದ್ದೀಯೆ. ಕಾರು ಹೋಗುತ್ತದೆ. ಆದರೆ ಬಾಡಿಗೆಯ ಕಾರನ್ನು ಆ ರಸ್ತೆಗೆ ಇಳಿಸಬೇಡ.

2018ರಲ್ಲಿ ನಾನೂ ನಿನ್ನ ಅತ್ತೆಯೂ ಹಾನಿಯಾದಿಂದ (ಊರಿನ ಹೆಸರು ಕೇಳಿದಾಗಲೇ ಎಚ್ಚರಗೊಳ್ಳಬೇಕಿತ್ತು) ಅಲ್ಲಿಗೆ ಹೊರಟೆವು. ಕಲಿವಿಯಾನಿ ಹಳ್ಳಿಯವರೆಗೆ ಡಾಂಬರು, ಆಮೇಲೆ ಸುಮಾರು 8 ಕಿಲೋಮೀಟರ್ ಬರೀ ಜಲ್ಲಿ, ಚೂಪುಗಲ್ಲು. ಅಲ್ಲಿ ಬಲಬದಿಯಲ್ಲಿ ಓಡಿಸಬೇಕಾದ್ದರಿಂದ ಹೋಗುವಾಗ ಸಮುದ್ರದ ಕಡೆಯ ಅಂಚು ನಮ್ಮ ಪಾಲಿಗೇ ಬರುತ್ತದೆ. ನಿನ್ನ ಅತ್ತೆ ಕಿಟಕಿಯ ಗಾಜು ಏರಿಸಿ ವಿಷ್ಣುಸಹಸ್ರನಾಮ ಶುರು ಮಾಡಿದ್ದಳು. ಅರ್ಧದಾರಿಯಲ್ಲಿ ಮುಂದಿನ ಟೈರು ಪುಸ್ಸೆಂದಿತು. ಡಿಕ್ಕಿ ತೆಗೆದರೆ ಸ್ಟೆಪ್ನಿಯೇ ಇಲ್ಲ. ಗಾಳಿ ತುಂಬುವ ಪುಟ್ಟ ಯಂತ್ರ, ಒಂದು ಬಾಟಲಿ ಅಂಟು, ಅಷ್ಟೇ. ಟೈರಿನ ಪಕ್ಕ ಹೆಬ್ಬೆರಳು ತೂರುವಷ್ಟು ಸೀಳಿದ್ದರಿಂದ ತುಂಬಿದ ಬಿಳಿಯ ಅಂಟೆಲ್ಲ ನೆಲಕ್ಕೆ ಸುರಿಯಿತು, ಅದನ್ನು ಮೂಸಲು ಒಂದು ಮೇಕೆ ಬಂದು ನಿಂತಿತು. ಎಳೆದೊಯ್ಯುವ ಗಾಡಿ ಬರುವಷ್ಟರಲ್ಲಿ ಸಂಜೆಯಾಗಿತ್ತು.

ಬಾಡಿಗೆಗೆ ಕೊಟ್ಟವರು ಕರಾರುಪತ್ರ ತಿರುವಿ ಬೆರಳಿಟ್ಟು ತೋರಿಸಿದರು: ಪೂರ್ಣ ವಿಮೆ ಎಂದಿದ್ದರೂ ಡಾಂಬರಿಲ್ಲದ ರಸ್ತೆಯಲ್ಲಿ ಟೈರಿಗೂ ಕಾರಿನ ತಳಕ್ಕೂ ಆದ ಪೆಟ್ಟು ನಮ್ಮದೇ ಖರ್ಚು. 340 ಯೂರೊ ಹೋಯಿತು. ಹಣ ಹೋಗಲಿ, ಊರಿಗೆ ಬಂದ ಮೇಲೆ ನಮ್ಮ ಮನೆಯವರ ಇದೇ ಗುಂಪಿನಲ್ಲಿ, ನನಗೆ ಬಲಗಡೆ ಓಡಿಸಲು ಬರುವುದಿಲ್ಲವೆಂದು ಎಲ್ಲರೂ ನಗೆಯಾಡಿದಿರಿ. 30 ವರ್ಷ ಮಳೆಗಾಲವೆನ್ನದೆ ಚಾರ್ಮಾಡಿ ಘಾಟಿಯಲ್ಲಿ ನಿಮ್ಮನ್ನೆಲ್ಲ ಧರ್ಮಸ್ಥಳಕ್ಕೆ ಕರೆದೊಯ್ದು ತಂದವನು ನಾನು. ಒಂದು ದಿನವಾದರೂ ಯಾರಿಗಾದರೂ ಒಂದು ಗೀರು ಬಿದ್ದಿತ್ತೇ? ದೊಡ್ಡ ಭಾವನವರಂತೂ ಈಗಲೂ ಮದುವೆಮನೆಯ ಪಂಕ್ತಿಯಲ್ಲಿ ಕುಳಿತು "ಆ ಮೇಕೆಯ ಕಥೆ ಹೇಳಪ್ಪಾ" ಎನ್ನುತ್ತಾರೆ. ನಾನು ಓಡಿಸಿದ್ದರಲ್ಲಿ ತಪ್ಪಿರಲಿಲ್ಲ, ಕರಾರು ಓದದೆ ಸಹಿ ಹಾಕಿದ್ದರಲ್ಲಿತ್ತು.

ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ, ಬಾಡಿಗೆಯ ಕಾರನ್ನು ಆ ರಸ್ತೆಗೆ ಇಳಿಸಬೇಡ. ಕಿಸ್ಸಾಮೋಸ್ ಬಂದರಿನಿಂದ ಬಾಲೋಸ್‌ಗೆ ಪ್ರವಾಸಿ ಹಡಗು ಹೋಗುತ್ತದೆ, ಕಾರು ಬಂದರಿನಲ್ಲಿರಲಿ. ಘಾಟಿ ಇಳಿಯುವ ಸುಖ ಬೇಕಿದ್ದರೆ ಇಂಬ್ರೋಸ್ ದಾಟಿ ಸ್ಫಾಕಿಯಾ ಕಡೆಗೆ ಹೋಗುವ ಡಾಂಬರು ರಸ್ತೆಯಿದೆ, ಒಂದೊಂದು ತಿರುವಿಗೂ ಲಿಬಿಯನ್ ಸಮುದ್ರ ಎದುರಿಗೇ ಬಂದು ನಿಲ್ಲುತ್ತದೆ.

ಅಯ್ಯೋ, ಮುಖ್ಯವಾದುದನ್ನೇ ಮರೆತಿದ್ದೆ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಹೊರಡುವ ಮೊದಲೇ ಇಲ್ಲಿನ ಆರ್‌ಟಿಒ ಕಚೇರಿಯಲ್ಲಿ ಮಾಡಿಸಿಕೊಳ್ಳಬೇಕು. ಅದು 1 ವರ್ಷ ನಡೆಯುತ್ತದೆ. ಸ್ಟಿಯರಿಂಗ್ ಹಿಡಿಯುವವರಿಬ್ಬರೂ ಮಾಡಿಸಿ, ಮೂಲ ಲೈಸೆನ್ಸನ್ನೂ ಜೊತೆಗಿಟ್ಟುಕೊಳ್ಳಿ. ಅಲ್ಲಿ ಗೇರಿನ ಕಾರುಗಳೇ ಹೆಚ್ಚು; ನಿನಗೆ ಆಟೋಮ್ಯಾಟಿಕ್ ಅಭ್ಯಾಸವಾದ್ದರಿಂದ ಈಗಲೇ ಕಾದಿರಿಸು, ಕೀಲಿ ತೆಗೆದುಕೊಳ್ಳುವಾಗ ಡಿಕ್ಕಿ ತೆರೆಸಿ ಸ್ಟೆಪ್ನಿ ಇದೆಯೇ ಎಂದು ನೋಡು.