2019ರ ವ್ಯಾಗನ್-ಆರ್ ಎಎಂಟಿ ಸೆಕೆಂಡ್‌ಹ್ಯಾಂಡ್ ತಗೋಬಹುದಾ?

ಯಾದಗಿರಿ: ಮಾರ್ಚ್ 2019ರ ಮಾರುತಿ ವ್ಯಾಗನ್-ಆರ್ 1.0 ಲೀಟರ್ ಎಎಂಟಿ (ಕ್ಲಚ್ ಪೆಡಲ್ ಇಲ್ಲದ, ತಾನೇ ಗೇರ್ ಬದಲಿಸೋದು) ನೋಡೀನಿ, ಪೆಟ್ರೋಲ್, 62 ಸಾವಿರ ಕಿ.ಮೀ. ಓಡ್ಯಾದ. ಮನ್ಯಾಗ ಓಡಿಸೋರು ಇಬ್ರು. ಇದರ ರೋಗ ಗೊತ್ತಿದ್ದವ್ರು ಹೇಳ್ರಿ.

ಕಲಬುರಗಿ: ಮೊದಲ ಚಾಸಿ ನಂಬರ್ ಕಂಪನಿ ಸೈಟಿನ್ಯಾಗ ಹಾಕಿ ನೋಡ್ರಿ. ಈ 1.0ಕ್ಕ ಎರಡು ರಿಕಾಲ್ (ದೋಷ ಸರಿಮಾಡಾಕ ಕಂಪನಿನೇ ಗಾಡಿ ವಾಪಸ್ ಕರಿಯೋದು) ಬಂದಾವ. ಆಗಸ್ಟ್ 2019ರಾಗ 40,618 ಗಾಡಿ: ಪೆಟ್ರೋಲ್ ಪೈಪ್ ಲೋಹದ ಕ್ಲ್ಯಾಂಪಿಗೆ ತಿಕ್ಕ್ತಿತ್ತು. ಜುಲೈ 2020ರಾಗ 56,663 ವ್ಯಾಗನ್-ಆರ್: ಫ್ಯೂಯಲ್ ಪಂಪ್. ಅದು ನವೆಂಬರ್ 15, 2018ರಿಂದ ಅಕ್ಟೋಬರ್ 15, 2019ರ ತನಕ ತಯಾರಾದ ಗಾಡಿಗಳಿಗೆ. ಎರಡೂ ಪುಕ್ಕಟೆ ಕೆಲಸ, ಆದ್ರ ಕೈಯಿಂದ ಕೈಗೆ ಹೋದ ಗಾಡಿ ಭಾಳ ಆ ಕೆಲಸ ಮಾಡಿಸದೇ ಉಳಿದಾವ. ಪಂಪ್ ಟ್ಯಾಂಕಿನ ಒಳಗ ಇರ್ತದ, ಅದನ್ನ ತಂಪಿಡೋದು ಪೆಟ್ರೋಲೇ. ಬ್ಯಾಸಗ್ಯಾಗ ಪೆಟ್ರೋಲ್ ಮೀಟರಿನ ಒಂದೇ ಕಡ್ಡಿ ಮ್ಯಾಲ ಓಡಿಸಿದ್ರ ಪಂಪ್ ಸಾಯ್ತದ.

ಬೀದರ್: ಪಂಪ್ ಬಿಡ್ರಿ, ಎಎಂಟಿ ತಗೊಳ್ಳೋವ್ರು ಕ್ಲಚ್ ನೋಡ್ರಿ. ತಂಪಾಗಿದ್ದಾಗ ಎಲ್ಲಾ ಗಾಡಿನೂ ಬೆಣ್ಣಿ. ಅರ್ಧ ತಾಸು ಓಡಿಸಿ, ಏರಿನ್ಯಾಗ ರಿವರ್ಸ್ ಹಾಕ್ರಿ. ನಡುಗಿದ್ರ ಕ್ಲಚ್ ಪ್ಲೇಟ್ ಸುಟ್ಟದ. ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಮ್ಯಾಲ ಏರಿನ್ಯಾಗ ನಿಲ್ಲಿಸೋವ್ರ ಕೆಲಸ ಅದು. ಡ್ರೈವರ್ ಬಾಗಿಲು ತೆಗೆದಾಗ ‘ಗುಂಯ್’ ಅಂದು ನಿಂತ್ರ ಸರಿ, ಅದು ಗೇರ್ ಹಾಕೋ ಎಣ್ಣಿ ಪಂಪು. ಚಾವಿ ಆನ್ ಇಟ್ಟಾಗ ಬ್ಯಾರೆ ಏನೂ ಮುಟ್ಟದೇ ಅದು ಮತ್ತ ಮತ್ತ ಗುಂಯ್‌ಗುಟ್ಟಿದ್ರ ಪ್ರೆಷರ್ ನಿಲ್ಲವಲ್ದು, ಬಿಲ್ ದೊಡ್ಡದು. ಪ್ಲೇಟ್ ಬದಲಿಸಿದ ಮ್ಯಾಲ ಸ್ಕ್ಯಾನರ್ ಹಚ್ಚಿ ಕ್ಲಚ್ ಎಲ್ಲಿ ಹಿಡೀತದ ಅನ್ನೋದು ಗಾಡಿಗೆ ಕಲಿಸಬೇಕು. ಅದನ್ನ ಬಿಟ್ಟು ಜರ್ಕ್ ಬರ್ತದ ಅಂತ ಗೇರ್‌ಬಾಕ್ಸ್ ಬಿಚ್ಚೋ ಮಿಸ್ತ್ರಿಗಳು ನಮ್ಮ ಕಡಿ ಭಾಳ.

ಸೇಡಂ: ಅದಕ್ಕೇ ಹೇಳೋದು, ಮ್ಯಾನ್ಯುವಲ್ ತಗೋರಿ! ಹೊಸ ಪ್ಲೇಟ್ ಹಾಕಿ ಕಂಪ್ಯೂಟರ್ ಮುಂದ ಕೈ ಮುಗಿಯೋದು ಯಾಕ?

ಬೀದರ್: ಕ್ಲಚ್ ಪೆಡಲ್ ಮ್ಯಾಲ ಕಾಲಿಟ್ಟು ಓಡಿಸೋವ್ರ ಮ್ಯಾನ್ಯುವಲ್ ಎಷ್ಟು ದಿನ ಬಾಳ್ತದ್ರೀ? ಆ ಎಣ್ಣಿ ಪಂಪು ಓಡೋದು ಬ್ಯಾಟರಿ ಮ್ಯಾಲ, ಅದರ ವೋಲ್ಟೇಜ್ ನೋಡದೇ ಎಎಂಟಿ ಬೈಯ್ಯೋವ್ರೇ ಹೆಚ್ಚು. ಎಂಜಿನ್ ಬಂದ್ ಇದ್ದಾಗ 12.4 ವೋಲ್ಟಿಗೆ ಕಡಿಮಿ ಇದ್ರ, ಸ್ಟಾರ್ಟ್ ಹೊಡೆದಾಗ 9.6ಕ್ಕ ಕೆಳಗ ಇಳಿದ್ರ ಬ್ಯಾಟರಿ ಬದಲಿಸ್ರಿ. ಅರ್ಧ ‘ಗೇರ್ ರೋಗ’ ಅಲ್ಲೇ ಹೋಗ್ತದ.

ಶಹಾಬಾದ್: ಎಲ್ಲಾರೂ ಗೇರ್ ಹಿಡಕೊಂಡು ಕುಂತೀರಿ. ನಮ್ಮ ಕಲ್ಲಿನ ಸೀಮ್ಯಾಗ ಎಂಜಿನ್ ಕೊಲ್ಲೋದು ಬೋರ್ ನೀರು. ಕೂಲಂಟ್ (ಎಂಜಿನ್ ತಂಪಿಡೋ ದ್ರವ) ಕಡಿಮಿ ಆದ್ರ ಬೋರ್ ನೀರು ಸುರಿದಾರ, ಸುಣ್ಣ ರೇಡಿಯೇಟರ್ ಕೊಳವಿ ಕಟ್ಟ್ತದ, ಹೆಡ್ ಗ್ಯಾಸ್ಕೆಟ್ ಹೋಗ್ತದ. ಎಂಜಿನ್ ಪೂರಾ ತಣ್ಣಗಾದ ಮ್ಯಾಲ ಕ್ಯಾಪ್ ತೆಗೆದು ನೋಡ್ರಿ: ಬಿಳಿ ಪದರ, ಇಲ್ಲಾ ಕೆಂಪು ರಾಡಿ ಇದ್ರ ಬ್ಯಾಡ. ಕೂಲಂಟ್, ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ. ಸಿಮೆಂಟ್ ಫ್ಯಾಕ್ಟರಿ ಧೂಳಿನ್ಯಾಗ ಏರ್ ಫಿಲ್ಟರ್ 5,000 ಕಿ.ಮೀ.ಗೆ ಒಮ್ಮೆ ಬಿಚ್ಚಿ ನೋಡಬೇಕು, ಪುಸ್ತಕದ ಲೆಕ್ಕ ಇಲ್ಲಿ ನಡಿಯಂಗಿಲ್ಲ.

ಸೇಡಂ: ಇ20 (ನೂರಕ್ಕ 20 ಎಥೆನಾಲ್ ಬೆರೆಸಿದ ಪೆಟ್ರೋಲ್) ಬಗ್ಗೆ ಯಾರೂ ಬಾಯಿ ಬಿಡವಲ್ರಿ. 2019ರ ಗಾಡಿ ಇ20ಕ್ಕ ಮಾಡಿದ್ದಲ್ಲ, ರಬ್ಬರ್ ಪೈಪ್ ಬಿರಿತಾವ.

ಕಲಬುರಗಿ: ಮೈಲೇಜ್ ಒಂಚೂರು ಇಳೀತದ, ಖರೇ. ಪೆಟ್ರೋಲ್ ವಾಸನಿ ಬಂದ್ರ ಪೈಪ್ ಬದಲಿಸ್ರಿ, ಅದಕ್ಕ ಗಾಡಿ ಯಾಕ ಬಿಡಬೇಕು? ಮತ್ತ ‘ಟೈಮಿಂಗ್ ಬೆಲ್ಟ್ ಬದಲಿಸೀವಿ’ ಅಂತ ಬಿಲ್ ತೋರಿಸೋವ್ರನ್ನ ನಂಬಬ್ಯಾಡ್ರಿ. ಇದಕ್ಕ ಚೈನ್ ಅದ, ಬೆಲ್ಟ್ ಇಲ್ಲ.

ಸೇಡಂ: ಬೆಲ್ಟ್ ಸುದ್ದಿ ಯಾರು ಕೇಳಿದ್ರು?

ಯಾದಗಿರಿ: ಬಾಗಿಲು ತೆಗೆದಾಗ ಎರಡು ಸಲ ಗುಂಯ್ ಅಂತು. ಅದು ಸರಿನಾ?

ಬೀದರ್: ವೋಲ್ಟೇಜ್ ಎಷ್ಟದ ಹೇಳ್ರಿ ಮೊದಲ.