ಮದುವೆ ಕ್ಯಾಸೆಟ್ಟು ಕಂಪ್ಯೂಟರಿಗೆ ಇಳಿಸೋದು ಹೇಗೆ? ಬಿಳಿ ಪುಡಿ ಕಾಣ್ತಿದೆ, ಓಡಿಸಬಹುದಾ?

ಪ್ರಶ್ನೆ (ಮಂಡ್ಯ, ವಿದ್ಯಾನಗರ):
ಅಣ್ಣ, ಅಪ್ಪ ಅಮ್ಮನ ಮದುವೆ 1994ರದ್ದು. ಎರಡು ವಿಎಚ್‌ಎಸ್ ಕ್ಯಾಸೆಟ್ ಇದಾವೆ. ಮೊದಲನೇದನ್ನ ಹಿಂದೆ ಒಂದು ಅಂಗಡೀಲಿ ಕೊಟ್ಟು ಡಿವಿಡಿ ಮಾಡಿಸಿದ್ವಿ. ಶುರುವಲ್ಲಿ ಚೆನ್ನಾಗಿದೆ, ಧಾರೆ ಹೊತ್ತಿಗೆ ಡೋಲಿನ ಏಟು ಒಂದು ಕಡೆ, ಸದ್ದು ಇನ್ನೊಂದು ಕಡೆ. ಲ್ಯಾಪ್‌ಟಾಪಲ್ಲಿ ನೋಡಿದರೆ ಓಡಾಡೋರ ಅಂಚಲ್ಲೆಲ್ಲ ಬಾಚಣಿಗೆ ಹಲ್ಲಿನ ಥರ ಗೆರೆ. ಈ ಸಲ ನಾನೇ ಮಾಡೋಣ ಅಂತ ಯುಎಸ್‌ಬಿ ಕ್ಯಾಪ್ಚರ್ ಡಬ್ಬಿ (ಚಿತ್ರ, ಧ್ವನಿ ಎರಡನ್ನೂ ಕಂಪ್ಯೂಟರಿಗೆ ದಾಟಿಸೋದು) ತರಿಸಿದೀನಿ. ಅತ್ತೆ ಮನೆ ಅಟ್ಟದಲ್ಲಿ ಕ್ಯಾಸೆಟ್ ಓಡಿಸೋ ವಿಸಿಆರ್ ಸಿಕ್ತು. ಆದರೆ ಎರಡನೇ ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಪುಡಿ ಕಾಣ್ತಿದೆ. ಹಾಕಿ ಓಡಿಸಲಾ?

ಉತ್ತರ (ಮೈಸೂರು, ಮೊದಲು ಮದುವೆ ವೀಡಿಯೊ ಹಿಡಿಯುತ್ತಿದ್ದೆ, ಈಗ ಅವೇ ಕ್ಯಾಸೆಟ್ಟುಗಳನ್ನ ಇಳಿಸಿಕೊಡೋ ಕೆಲಸ):
ಓಡಿಸಬೇಡಿ. ಅದು ಪುಡಿಯಲ್ಲ, ಬೂಷ್ಟು. ವಿಸಿಆರ್ ಒಳಗೆ ರೀಲನ್ನ ಓದೋ ಹೆಡ್ಡಿನ ಡ್ರಮ್ಮು ನಿಮಿಷಕ್ಕೆ 1500 ಸುತ್ತು ತಿರುಗುತ್ತೆ. ಬೂಷ್ಟು ಹಿಡಿದ ರೀಲು ಅದಕ್ಕೆ ಉಜ್ಜಿದರೆ ಹೆಡ್ಡು ಕಟ್ಟಿಕೊಳ್ಳುತ್ತೆ, ಆಮೇಲೆ ಹಾಕೋ ಒಳ್ಳೆ ಕ್ಯಾಸೆಟ್ಟಿಗೂ ಅಂಟುತ್ತೆ. ಅದನ್ನ ಬೇರೆ ಕವರಲ್ಲಿ ಕಟ್ಟಿಡಿ, ಬಿಸಿಲಿಗೆ ಮಾತ್ರ ಇಡಬೇಡಿ, ರೀಲು ಸೊಟ್ಟಗಾಗುತ್ತೆ. ಬೂಷ್ಟು ತೆಗೆಯೋ ಕೆಲಸ ಗೊತ್ತಿರೋರಿಗೇ ಕೊಡಿ. ನಾನೇ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅದಕ್ಕೇ ಅಂತ ಇಟ್ಟಿರೋ ಹಳೇ ವಿಸಿಆರಲ್ಲಿ ಮಾಡ್ತೀನಿ.

ಮೊದಲನೇ ಕ್ಯಾಸೆಟ್ ಶುರು ಮಾಡಿ. ಅದಕ್ಕೂ ಮುಂಚೆ ಅಟ್ಟದಿಂದ ಇಳಿಸಿದ ವಿಸಿಆರ್‌ಗೆ, ಹೋದರೂ ಪರವಾಗಿಲ್ಲ ಅನ್ನೋ ಕ್ಯಾಸೆಟ್ ಹಾಕಿ ನೋಡಿ. ಒಳಗಿನ ರಬ್ಬರು ಸಡಿಲಾಗಿದ್ದರೆ ರೀಲು ನುಂಗುತ್ತೆ. ಮದುವೆ ಕ್ಯಾಸೆಟ್ಟೇ ಮೊದಲ ಬಲಿ ಆಗೋದು ಬೇಡ. ಅದು ಸರಿ ಇದ್ದರೆ ನಿಮ್ಮದನ್ನ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಒಂದು ಸಲ ಸುತ್ತಿ. ವರ್ಷಗಟ್ಟಲೆ ಕೂತ ರೀಲಿನ ಬಿಗಿ ಬಿಡುತ್ತೆ.

ಆ ಅಂಗಡಿಯವರನ್ನ ಬೈಯೋದಾದರೆ ಅರ್ಧ ಮಾತ್ರ ಬೈಯಿರಿ. ಬಾಚಣಿಗೆ ಗೆರೆ ಅವರ ತಪ್ಪಲ್ಲ. ನಮ್ಮ ದೇಶದ ಟಿವಿಯ ಪ್ಯಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ, ಆದರೆ ಪ್ರತಿ ಚಿತ್ರವೂ ಎರಡು ಅರ್ಧ: ಒಂದು ಸಲ ಬೆಸ ಗೆರೆಗಳು, ಸೆಕೆಂಡಿನ 50ನೇ ಒಂದು ಪಾಲು ಕಳೆದು ಸಮ ಗೆರೆಗಳು. ಅಷ್ಟರಲ್ಲಿ ಕೈ ಆಡಿರುತ್ತೆ. ಹಳೇ ಟಿವಿ ಹಾಗೇ ಬಿಡಿಸಿ ತೋರಿಸುತ್ತಿತ್ತು, ಕಂಪ್ಯೂಟರು ಎರಡನ್ನೂ ಒಟ್ಟಿಗೆ ತೋರಿಸುತ್ತೆ. ವಿಎಲ್‌ಸಿ ಅನ್ನೋ ವೀಡಿಯೊ ಪ್ಲೇಯರಲ್ಲಿ ಡಿ ಕೀಲಿ ಒತ್ತಿ ನೋಡಿ, ಗೆರೆ ಮಾಯವಾಗಬೇಕು.

ಡೋಲು ಜಾರಿದ್ದು ಮಾತ್ರ ಇಳಿಸುವಾಗಲೇ ಆದ ತಪ್ಪು. ಸಿಗ್ನಲ್ ತೂಗಾಡಿದಾಗ ಕ್ಯಾಪ್ಚರ್ ಡಬ್ಬಿ ಒಂದೊಂದು ಚಿತ್ರ ಬಿಟ್ಟುಬಿಡುತ್ತೆ. ಧ್ವನಿ ಮಾತ್ರ ತನ್ನ ಪಾಡಿಗೆ ಹೋಗ್ತಾನೇ ಇರುತ್ತೆ. 25 ಚಿತ್ರ ಬಿಟ್ಟರೆ ಒಂದು ಸೆಕೆಂಡು ಹಿಂದೆ ಮುಂದೆ. ಮೂರು ಗಂಟೆ ಕ್ಯಾಸೆಟ್ಟಲ್ಲಿ 2,70,000 ಚಿತ್ರ ಇರುತ್ತೆ, ಲೆಕ್ಕ ಹಾಕಿ. ಇದಕ್ಕೆ ಮದ್ದು ತೂಗಾಡೋ ಸಿಗ್ನಲ್ಲನ್ನ ನೆಟ್ಟಗೆ ಮಾಡೋ ಟೈಮ್ ಬೇಸ್ ಕರೆಕ್ಟರ್ ಅನ್ನೋ ಯಂತ್ರ, ದುಬಾರಿ. ಬಡವರ ದಾರಿ ಒಂದಿದೆ: ಹಳೇ ಡಿವಿಡಿ ರೆಕಾರ್ಡರ್ ಸಿಕ್ಕರೆ ವಿಸಿಆರ್ ತಂತಿ ಅದರೊಳಗೆ ಹಾಯಿಸಿ ಡಬ್ಬಿಗೆ ತನ್ನಿ. ಕೆಲವು ಮಾಡೆಲ್‌ಗಳು ಸಿಗ್ನಲ್ಲನ್ನ ಚೆನ್ನಾಗಿ ನೆಟ್ಟಗೆ ಮಾಡ್ತವೆ. ಪ್ಲೇಯರ್ ಅಲ್ಲ, ರೆಕಾರ್ಡರ್ರೇ ಬೇಕು.

ಆಂಟೆನಾ ತಂತಿ ಬಿಟ್ಟು ಹಳದಿ ಪಿನ್ನಿಂದ ಚಿತ್ರ, ಬಿಳಿಯಿಂದ ಧ್ವನಿ ತಗೊಳ್ಳಿ. ವಿಸಿಆರ್ ಮೋನೊ ಆಗಿದ್ದರೆ ಕೆಂಪು ಇರೋದೇ ಇಲ್ಲ, ಗಾಬರಿಯಾಗಬೇಡಿ. ಕಂಪ್ಯೂಟರಲ್ಲಿ ಇಳಿಸಿಕೊಳ್ಳೋ ವರ್ಚುವಲ್‌ಡಬ್ ಅನ್ನೋ ಸಾಫ್ಟ್‌ವೇರಲ್ಲಿ ಪ್ಯಾಲ್, ಚಿತ್ರದ ಅಳತೆ 720×576, ಗುಣಮಟ್ಟ ಕೆಡಿಸದೆ ಕುಗ್ಗಿಸೋ ಹಫ್‌ವೈಯುವಿ ಇಡಿ. ಗಂಟೆಗೆ ಹೆಚ್ಚುಕಮ್ಮಿ 30 ಜಿಬಿ ಜಾಗ ತಿನ್ನುತ್ತೆ. ಬಿಟ್ಟುಹೋದ ಚಿತ್ರಗಳ ಲೆಕ್ಕ ಪಕ್ಕದಲ್ಲೇ ಬರುತ್ತೆ, ಅದರ ಮೇಲೆ ಕಣ್ಣಿರಲಿ. ಮನೆಯವರಿಗೆ ಹಂಚೋ ಸಣ್ಣ ಫೈಲನ್ನ ಆಮೇಲೆ ಹ್ಯಾಂಡ್‌ಬ್ರೇಕ್ ಅನ್ನೋ ಸಾಫ್ಟ್‌ವೇರಲ್ಲಿ ಮಾಡಿ.

ಪ್ರಶ್ನೆ (ಮೈಸೂರು, ಕುವೆಂಪುನಗರ):
ಸರ್, ನಡುವೆ ಬಂದೆ. ಚಿಕ್ಕಪ್ಪ ಅಮೆರಿಕದಿಂದ ಕಳಿಸಿದ್ದ ಕ್ಯಾಸೆಟ್ ಹಾಕಿದರೆ ಚಿತ್ರ ಕಪ್ಪು ಬಿಳುಪು, ಮೇಲಕ್ಕೂ ಉರುಳುತ್ತೆ. ಹೋಗಿಬಿಟ್ಟಿದೆಯಾ? ಇನ್ನೊಂದು, ಪುಟ್ಟ ಮಿನಿ ಡಿವಿ ಕ್ಯಾಸೆಟ್ಟೂ ಇದಾವೆ, ಹ್ಯಾಂಡಿಕ್ಯಾಮೂ ಓಡುತ್ತೆ.

ಉತ್ತರ:
ಹೋಗಿಲ್ಲ ಮೇಡಂ. ಅಲ್ಲಿಯ ಟಿವಿ ಪದ್ಧತಿ ಎನ್‌ಟಿಎಸ್‌ಸಿ, 525 ಗೆರೆ, ನಮ್ಮ ಪ್ಯಾಲ್ 625. ಎರಡೂ ಓಡಿಸೋ ವಿಸಿಆರ್ ಬೇಕು, ಕಂಪ್ಯೂಟರಲ್ಲೂ 720×480 ಇಡಬೇಕು.

ಮಿನಿ ಡಿವಿಗೆ ಹಳದಿ ತಂತಿ ಹಾಕಬೇಡಿ. ಅದರಲ್ಲಿರೋದು ಆಗಲೇ ಡಿಜಿಟಲ್. ಹ್ಯಾಂಡಿಕ್ಯಾಮಿಂದ ಕಂಪ್ಯೂಟರಿಗೆ ಹಾಕೋ ಫೈರ್‌ವೈರ್ ತಂತಿಯಲ್ಲಿ ಎಳೆದರೆ ಇದ್ದದ್ದು ಇದ್ದ ಹಾಗೆ ಬರುತ್ತೆ, ಗಂಟೆಗೆ 13 ಜಿಬಿ. ಫೈರ್‌ವೈರ್ ಕಿಂಡಿ ಇರೋ ಹಳೇ ಕಂಪ್ಯೂಟರು ನೆಂಟರ ಮನೇಲಿ ಹುಡುಕಿ. ಕಿಂಡಿ ಯುಎಸ್‌ಬಿ ಅಲ್ಲ ಅನ್ನೋದು ನೋಡಿಕೊಳ್ಳಿ. ಬರೀ ಪಿನ್ನು ಬದಲಿಸೋ ಅಡಾಪ್ಟರ್ ಮಾರ್ತಾರೆ, ಅದು ಕೆಲಸ ಮಾಡಲ್ಲ.

ಪ್ರಶ್ನೆ (ಮಂಡ್ಯ):
ಅಣ್ಣ, ಮೊದಲನೇದು ಇಳಿಸಿದೆ! ಮೂರು ಗಂಟೇಲಿ ಬಿಟ್ಟಿದ್ದು ನಾಲ್ಕೇ ಚಿತ್ರ, ಡೋಲು ಸರಿಯಾಗಿ ಕೂತಿದೆ. ಆದರೆ ಚಿತ್ರದ ತಳದಲ್ಲಿ ಒಂದು ಪಟ್ಟಿ ಕುಣೀತಾ ಇದೆ.

ಉತ್ತರ:
ಅದು ಎಲ್ಲ ವಿಎಚ್‌ಎಸ್ಸಲ್ಲೂ ಇರುತ್ತೆ. ಒಂದು ಹೆಡ್ಡಿಂದ ಇನ್ನೊಂದಕ್ಕೆ ದಾಟೋ ಜಾಗ. ಹಳೇ ಟಿವಿ ಚೌಕಟ್ಟು ಅದನ್ನ ಮುಚ್ಚಿಡ್ತಿತ್ತು. ಹಂಚೋ ಫೈಲಲ್ಲಿ ಕಪ್ಪು ಪಟ್ಟಿ ಹಾಕಿ ಮುಚ್ಚಿ, ಮೂಲ ಫೈಲನ್ನ ಮುಟ್ಟಬೇಡಿ. ಬೂಷ್ಟಿನ ಕ್ಯಾಸೆಟ್ ಮೈಸೂರಿಗೆ ಬರೋವಾಗ ತನ್ನಿ. ಬಸ್ಸಲ್ಲಿ ಇಂಜಿನ್ ಮೇಲಿನ ಸೀಟಲ್ಲಿ ಇಟ್ಟುಕೊಂಡು ಬರಬೇಡಿ.